ಅಜ್ಜಿಯ ಗುಲಾಬಿಗೆ ಕತ್ತರಿ ಹಾಕಿದವರು

“ಕತ್ತರಿ ಕೊಡು,” ಅಂದರು ಅಜ್ಜಿ, ಕೈ ಚಾಚಿ.

ಮೊಮ್ಮಗಳು ಬಟನ್ ತನ್ನ ಕತ್ತರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಕೆಂಪು ಹಿಡಿಯ ಹೊಸ ಕತ್ತರಿ ಅದು. ಹತ್ತನೇ ಹುಟ್ಟುಹಬ್ಬಕ್ಕೆ ಅಮ್ಮ ಕೊಟ್ಟು ಇನ್ನೂ ವಾರ ಕಳೆದಿರಲಿಲ್ಲ.

“ನಾನು ಮಾಡಿಲ್ಲ ಅಜ್ಜಿ.”

“ಹಾಗಾದ್ರೆ ಗುಲಾಬಿ ಗಿಡ ತಾನೇ ತನ್ನ ಎಲೆ ಕತ್ತರಿಸಿಕೊಳ್ತಾ?”

ಅಜ್ಜಿ ಕುಂಡ ತಿರುಗಿಸಿ ತೋರಿಸಿದರು. ಎಲೆಗಳ ಅಂಚಿನಲ್ಲಿ ಅಲ್ಲಲ್ಲಿ ದುಂಡಗೆ ಖಾಲಿಯಾಗಿತ್ತು. ಹರಿದದ್ದಲ್ಲ, ಮುರಿದದ್ದೂ ಅಲ್ಲ. ಅಂಗಿಗೆ ಕತ್ತಿನ ಭಾಗ ಕತ್ತರಿಸಿ ತೆಗೆಯುತ್ತಾರಲ್ಲ, ಅಷ್ಟು ನೀಟು. ಬೇರೆ ಮನೆಯವರಾಗಿದ್ದರೆ ಹುಳ ತಿಂದಿದೆ ಅಂದುಕೊಂಡು ಸುಮ್ಮನಾಗುತ್ತಿದ್ದರೋ ಏನೋ. ಆದರೆ ಇದು ದರ್ಜಿಗಳ ಮನೆ. ಅಜ್ಜಿ ಕಣ್ಣು ಮಂಜಾಗುವವರೆಗೂ ಬಟ್ಟೆ ಕತ್ತರಿಸಿದವರು. ಈಗ ಅದೇ ಮುಂದಿನ ಕೋಣೆಯಲ್ಲಿ ಅಮ್ಮ ಮಿಷನ್ ತುಳಿಯುತ್ತಾಳೆ. ಈ ಮನೆಯಲ್ಲಿ ಎಲ್ಲಾದರೂ ದುಂಡಗಿನ ತೂತು ಕಂಡರೆ, ಕತ್ತರಿ ಯಾರ ಕೈಯಲ್ಲಿದೆ ಅಂತಲೇ ಮೊದಲು ನೋಡುವುದು.

ಬಟನ್ ಅನ್ನುವುದು ಅವಳ ಅಡ್ಡಹೆಸರು. ಅಂಬೆಗಾಲಿಡುವಾಗ ಅವಳು ಗಿರಾಕಿಯೊಬ್ಬರ ಕೋಟಿನ ಗುಂಡಿ ನುಂಗಿಬಿಟ್ಟಿದ್ದಳು. ಗುಂಡಿ ಮಾರನೆಯ ದಿನವೇ ಹೊರಗೆ ಬಂತು. ಹೆಸರು ಮಾತ್ರ ಹೋಗಲಿಲ್ಲ.

“ನಾನು ಕತ್ತರಿಸಿದ ಸರ್ಕಲ್ ಯಾವತ್ತಾದ್ರೂ ಇಷ್ಟು ರೌಂಡಾಗಿ ಬಂದಿದ್ಯಾ?” ಅಂದಳು ಬಟನ್. “ಇಲಿ ಕಚ್ಚಿದ ಬಿಸ್ಕತ್ತು ಅಂತ ನೀವೇ ಹೇಳ್ತೀರಲ್ಲ.”

ಅಜ್ಜಿ ಎಲೆಯ ಅಂಚನ್ನು ಮತ್ತೊಮ್ಮೆ ನೋಡಿದರು. ಮಾತಿನಲ್ಲಿ ನಿಜ ಇತ್ತು. ಆದರೆ ಬರುವ ಭಾನುವಾರ ಪಾರ್ಕಿನಲ್ಲಿ ಫ್ಲವರ್ ಶೋ. ಪ್ರತಿವರ್ಷ ಬ್ಯಾಂಕ್ ಕೆಲಸದಿಂದ ರಿಟೈರಾದ ಮೂಲೆಮನೆಯ ಬ್ಯಾಂಕ್ ತಾತನೇ ಬಹುಮಾನ ಹೊಡೆಯುತ್ತಿದ್ದರು. ಈ ಸಲವಾದರೂ ಅವರನ್ನು ಸೋಲಿಸಬೇಕೆಂದು ಅಜ್ಜಿ ಈ ಗಿಡವನ್ನು ಮಗುವಿನಂತೆ ಸಾಕಿದ್ದರು. ಕತ್ತರಿ ಬೀರು ಸೇರಿತು, ಬೀರುವಿನ ಕೀಲಿ ಅಜ್ಜಿಯ ಸೊಂಟ ಸೇರಿತು.

ಬಟನ್‌ಗೆ ಅಳುವೇ ಬಂತು. ಮಾಡಿದ ತಪ್ಪಿಗೆ ಬೈಸಿಕೊಳ್ಳುವುದು ಅವಳಿಗೆ ಅಭ್ಯಾಸವಿತ್ತು. ಮಾಡದ ತಪ್ಪಿಗೆ ಬೈಸಿಕೊಂಡದ್ದು ಇದೇ ಮೊದಲು.

ಮಾರನೆಯ ಬೆಳಗ್ಗೆ ಸ್ಕೂಲ್ ಬ್ಯಾಗ್ ಹೆಗಲಿಗೇರಿಸಿಕೊಂಡೇ ಅವಳು ಕುಂಡದ ಮುಂದೆ ಕೂತಳು. ಕಳ್ಳನನ್ನು ಹಿಡಿಯದೆ ಏಳುವುದಿಲ್ಲ ಅಂತ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಬಿಸಿಲು ಎಲೆಗಳ ಮೇಲೆ ಬಿದ್ದ ಸ್ವಲ್ಪ ಹೊತ್ತಿಗೆ ಜೇನುನೊಣದಂಥ ಒಂದು ಪುಟ್ಟ ಹುಳ ಹಾರಿಬಂದು ಎಲೆಯ ಅಂಚಿನಲ್ಲಿ ಕೂತಿತು. ಕಾಲುಗಳಲ್ಲಿ ಎಲೆಯನ್ನು ತಬ್ಬಿಕೊಂಡು, ಬಾಯಿಂದ ಕಚಕಚನೆ ಕತ್ತರಿಸುತ್ತಾ ಒಂದು ಸುತ್ತು ತಿರುಗಿತು. ತುಂಡು ಬಿಡಿಸಿಕೊಂಡದ್ದೇ ತಡ, ಅದನ್ನು ಹೊಟ್ಟೆಯ ಕೆಳಗೆ ಮಡಚಿ ಹಿಡಿದು ಹಾರಿಯೇಬಿಟ್ಟಿತು.

ಬಟನ್ ಹಿಂದೆಯೇ ಓಡಿದಳು. ಹುಳ ಬೀದಿಗೆ ಹೋಗಲಿಲ್ಲ, ಪಕ್ಕದ ಮನೆಗೂ ಹೋಗಲಿಲ್ಲ. ನೇರವಾಗಿ ಇವರದೇ ಮುಂದಿನ ಕೋಣೆಯ ಕಿಟಕಿಯೊಳಗೆ ನುಗ್ಗಿ, ಮಿಷನ್ ತುಳಿಯುತ್ತಿದ್ದ ಅಮ್ಮನ ತಲೆಯ ಮೇಲೆಯೇ ಹಾದು, ಪರದೆ ನೇತುಹಾಕುವ ಪೈಪಿನ ತುದಿಯೊಳಗೆ ಮಾಯವಾಯಿತು. ಸೂಜಿಯ ಮೇಲೆ ಕಣ್ಣಿಟ್ಟಿದ್ದ ಅಮ್ಮನಿಗೆ ಏನೂ ಗೊತ್ತಾಗಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ.

“ಅಜ್ಜೀ, ಸಿಕ್ಕಿಬಿದ್ದ” ಅಂತ ಕೂಗಲು ಬಟನ್ ಬಾಯಿ ತೆರೆದಳು. ಆಗ ಕಿಟಕಿಯ ಕಟ್ಟೆಯ ಮೇಲಿದ್ದ ಸ್ಪ್ರೇ ಬಾಟಲಿ ಕಣ್ಣಿಗೆ ಬಿತ್ತು. ಹುಳ ಅನ್ನುವುದು ಕಂಡರೆ ಸಾಕು, ಅಜ್ಜಿ ಅದರಿಂದ ಪುಸ್ ಅನ್ನಿಸುತ್ತಿದ್ದರು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಸ್ಕೂಲಿನಲ್ಲಿ ಅವಳು ಸೈನ್ಸ್ ಮಿಸ್ ಹತ್ತಿರ ಹೋಗಿ ಗುಟ್ಟಾಗಿ ವಿಚಾರಿಸಿದಳು. ಅದು ಎಲೆ ಕತ್ತರಿಸುವ ಜೇನು ಅಂದರು ಮಿಸ್. ಅದು ಗೂಡು ಕಟ್ಟಿಕೊಂಡು ಗುಂಪಿನಲ್ಲಿ ಇರುವುದಿಲ್ಲವಂತೆ, ಒಂಟಿಯಾಗಿಯೇ ಎಲ್ಲ ಕೆಲಸ ಮಾಡುತ್ತದಂತೆ. ಎಲೆಯಿಂದ ಪುಟ್ಟ ಚೀಲ ಮಾಡಿ, ಅದರಲ್ಲಿ ಹೂವಿನ ಪುಡಿ ತುಂಬಿ, ಮೊಟ್ಟೆ ಇಟ್ಟು ಮುಚ್ಚುತ್ತದೆ. ಎಲೆ ಕತ್ತರಿಸಿದರೆ ಗಿಡ ಸಾಯುವುದಿಲ್ಲ. ಬೀದಿಯ ಹೂವು ಕಾಯಿಯಾಗಬೇಕಾದರೆ ಇಂಥವು ಬೇಕು. ಸ್ಪ್ರೇ ಹೊಡೆದರೆ ಮಾತ್ರ ತಾಯಿಜೇನೂ ಇಲ್ಲ, ಮರಿಗಳೂ ಇಲ್ಲ.

ಸಂಜೆ ಮನೆಗೆ ಬಂದರೆ ಅಜ್ಜಿ ಸ್ಪ್ರೇ ಬಾಟಲಿ ಅಲ್ಲಾಡಿಸುತ್ತಾ ಗಿಡದ ಮುಂದೆ ನಿಂತಿದ್ದರು. ರಾತ್ರಿಯೆಲ್ಲ ಯೋಚಿಸಿದರಂತೆ, ಮಗು ಸುಳ್ಳು ಹೇಳುವವಳಲ್ಲ ಅಂತ ಅನ್ನಿಸಿತಂತೆ. ಅವಳಲ್ಲವಾದರೆ ಇದು ಯಾವುದೋ ಹುಳದ್ದೇ ಕೆಲಸ, ಇಡೀ ಗಿಡಕ್ಕೆ ಹೊಡೆದುಬಿಡೋಣ ಅಂತ ಹೊರಟಿದ್ದರು.

ಬಟನ್ ಅಡಕತ್ತರಿಯಲ್ಲಿ ಸಿಕ್ಕಿಕೊಂಡಳು. ಹೂಂ ಅಂದರೆ ಕೆಂಪು ಕತ್ತರಿ ಈಗಲೇ ಕೈಗೆ ಬರುತ್ತದೆ. ಆದರೆ ಪೈಪಿನೊಳಗಿನ ಮರಿಗಳು?

“ಹುಳ ಅಲ್ಲ ಅಜ್ಜಿ,” ಅಂದಳು, ನೆಲ ನೋಡುತ್ತಾ. “ನಾನೇ ಕತ್ತರಿಸಿದ್ದು.”

ಅಜ್ಜಿ ಬೈಯಲಿಲ್ಲ. ಬಾಟಲಿ ಕೆಳಗಿಟ್ಟು ಒಳಗೆ ಹೋದರು. ಆ ರಾತ್ರಿ ಊಟ ಬಡಿಸುವಾಗಲೂ ಅವಳ ಮುಖ ನೋಡಲಿಲ್ಲ. ಬೈದಿದ್ದರೇ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಬಟನ್‌ಗೆ.

ಮರುದಿನ ಬೆಳಗ್ಗೆ ಅಜ್ಜಿಯೇ ಅವಳನ್ನು ಕುಂಡದ ಹತ್ತಿರ ಕರೆದರು. ಎರಡು ಹೊಸ ತೂತುಗಳು ಬಿದ್ದಿದ್ದವು, ಹಸಿಹಸಿಯಾಗಿ.

“ಕತ್ತರಿ ಬೀರುವಿನಲ್ಲಿದೆ. ಕೀಲಿ ನನ್ನ ಸೊಂಟದಲ್ಲಿದೆ,” ಅಂದರು ಅಜ್ಜಿ. “ಇದನ್ನ ಹಲ್ಲಿನಿಂದ ಕತ್ತರಿಸಿದ್ಯಾ?”

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಬಟನ್‌ಳ ಸುಳ್ಳಿಗಂತೂ ಒಂದೇ ರಾತ್ರಿಯ ಆಯಸ್ಸು. ಅವಳು ಬಿಕ್ಕುತ್ತಾ ಎಲ್ಲ ಹೇಳಿಬಿಟ್ಟಳು. ಹೇಳುತ್ತಿದ್ದ ಹಾಗೇ ಆ ಪುಟ್ಟ ಕಳ್ಳಿ ಗುಂಯ್ ಅಂತ ಬಂದು ಎಲೆಯ ಮೇಲೆ ಕೂತಳು.

ಅಜ್ಜಿಯ ಕೈ ಸ್ಪ್ರೇ ಬಾಟಲಿಯ ಕಡೆ ಹೋಯಿತು.

ಆದರೆ ಜೇನು ಅಷ್ಟರಲ್ಲಿ ಕೆಲಸ ಶುರುಮಾಡಿತ್ತು. ಅಜ್ಜಿ ಕನ್ನಡಕ ಮೇಲೇರಿಸಿ ಬಗ್ಗಿದರು. ಇನ್ನೂ ಬಗ್ಗಿದರು. ಬಾಟಲಿ ಯಾವಾಗ ಕೈಯಿಂದ ನೆಲಕ್ಕೆ ಬಂತೋ ಅವರಿಗೇ ಗೊತ್ತಿಲ್ಲ. “ಚಾಕ್ ಗೆರೆ ಇಲ್ಲ, ಅಳತೆ ಟೇಪಿಲ್ಲ,” ಅಂತ ಗೊಣಗಿದರು. “ಒಂದೇ ಏಟಿಗೆ. ಬಟ್ಟೆ ಒಂಚೂರೂ ವೇಸ್ಟಿಲ್ಲ.”

ಆಮೇಲೆ ಎಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಕೆಲವು ತೂತು ಉದ್ದುದ್ದ, ಕೆಲವು ಪೂರ್ತಿ ದುಂಡು. “ಉದ್ದದ್ದು ಚೀಲದ ಮೈಗೆ, ದುಂಡಗಿನದು ಮುಚ್ಚಳಕ್ಕೆ. ಸರೀನಾ?” ಅಂದರು. ಮಿಸ್ ಹೇಳಿದ್ದೂ ಹಾಗೇ ಅಂತ ಬಟನ್ ತಲೆಯಾಡಿಸಿದಳು. ಅಜ್ಜಿ ಸೊಂಟದ ಕೀಲಿ ಬಿಚ್ಚಿ ಅವಳ ಕೈಗೆ ಕೊಟ್ಟರು. ಸ್ಪ್ರೇ ಬಾಟಲಿ ಅಟ್ಟ ಹತ್ತಿತು.

ವಿಷಯ ಕೇಳಿ ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಇಷ್ಟು ದಿನ ತಲೆಯ ಮೇಲೇ ಇನ್ನೊಬ್ಬ ದರ್ಜಿ ಅಂಗಡಿ ತೆರೆದಿದ್ದರೂ ತನಗೆ ಸುಳಿವಿಲ್ಲವಲ್ಲ ಅಂದಳು. ಪರದೆಯನ್ನು ಬಿಚ್ಚಿಟ್ಟಳು, ಹಗಲೆಲ್ಲ ಕಿಟಕಿ ತೆರೆದೇ ಇಟ್ಟಳು.

ಆದರೂ ಬಟನ್‌ಗೆ ಒಂದು ಚಿಂತೆ ಉಳಿದಿತ್ತು. ಜೇನು ಹೂವಿನ ಪುಡಿಗೆ ಬೀದಿಯ ಎಲ್ಲ ಮನೆಗೂ ಹೋಗುತ್ತದೆ. ಇವರೊಬ್ಬರೇ ಸ್ಪ್ರೇ ಬಿಟ್ಟರೆ ಏನು ಬಂತು? ಬ್ಯಾಂಕ್ ತಾತನಂತೂ ಹಲ್ಲುಜ್ಜುವಷ್ಟೇ ನಿಷ್ಠೆಯಿಂದ ದಿನಾ ಸ್ಪ್ರೇ ಹೊಡೆಯುತ್ತಿದ್ದರು.

ಉಪಾಯ ಅಮ್ಮನ ಮಿಷನ್ ಪಕ್ಕದಲ್ಲೇ ಇತ್ತು. ಹೊಲಿದು ಮುಗಿಸಿದ ಬಟ್ಟೆಯ ಪೊಟ್ಟಣಗಳು. ಈ ಬೀದಿಯಲ್ಲಿ ಅಮ್ಮನ ಕೈಯ ಬಟ್ಟೆ ಹೋಗದ ಮನೆಯೇ ಇಲ್ಲ. ಬಟನ್ ಅಜ್ಜಿಯನ್ನು ಕೇಳಿಯೇ ಎಲೆ ಕಿತ್ತು, ಪ್ರತಿ ಪೊಟ್ಟಣಕ್ಕೂ ತೂತಿರುವ ಒಂದು ಗುಲಾಬಿ ಎಲೆಯನ್ನು ಪಿನ್ ಮಾಡಿದಳು. ತನ್ನ ಕ್ಲಾಸಿನ ಇಬ್ಬರು ಗೆಳತಿಯರನ್ನೂ ಸೇರಿಸಿಕೊಂಡು ಮನೆಮನೆಗೆ ಹೊತ್ತೊಯ್ದಳು. ಈ ಎಲೆ ಏನು ಅಂತ ಕೇಳದವರಿಲ್ಲ. ಕೇಳಿದರೆ ಇವರು ಹೇಳದೆ ಬಿಡುವವರಲ್ಲ. ಒಂದಿಬ್ಬರು ಹುಳಕ್ಕೆಲ್ಲ ಇಷ್ಟು ಉಪಚಾರವಾ ಅಂತ ನಕ್ಕರು. ಮಿಕ್ಕವರು ಆಗಲೇ ಚಪ್ಪಲಿ ಮೆಟ್ಟಿಕೊಂಡು ತಮ್ಮ ಗಿಡ ನೋಡಲು ಹೋದರು.

ಭಾನುವಾರ ಅಜ್ಜಿ ಕುಂಡವನ್ನು ಪಾರ್ಕಿಗೆ ಒಯ್ದು, ತೂತಿರುವ ಎಲೆಗಳೇ ಮುಂದೆ ಬರುವ ಹಾಗೆ ಇಟ್ಟರು. ತೀರ್ಪುಗಾರರು ಎಲೆ ಹಾಳಾಗಿದೆ ಅಂತ ತಲೆಯಲ್ಲಾಡಿಸಿದರು.

“ಹಾಳಾಗಿಲ್ಲ,” ಅಂದರು ಅಜ್ಜಿ. “ಕಟಿಂಗ್ ಆಗಿದೆ.”

ಬಹುಮಾನ ಎಂದಿನಂತೆ ಬ್ಯಾಂಕ್ ತಾತನಿಗೇ ಹೋಯಿತು. ಜನ ಮಾತ್ರ ಅಜ್ಜಿಯ ಕುಂಡದ ಸುತ್ತಲೇ ಮುತ್ತಿಕೊಂಡಿದ್ದರು. ಕಪ್ ಹಿಡಿದುಕೊಂಡು ತಾತ ಒಬ್ಬರೇ ನಿಂತಿದ್ದರು. ಕೊನೆಗೆ ಅವರೂ ಮೆಲ್ಲಗೆ ಬಟನ್ ಹತ್ತಿರ ಬಂದು, ತಮ್ಮ ಗಿಡಕ್ಕೆ ಆ ಜೇನು ಯಾಕೆ ಬರುವುದಿಲ್ಲ ಅಂತ ಕೇಳಿದರು. ಬಟನ್ ಹೇಳಿದಳು. ತಾತ ಕಪ್ ಅನ್ನು ಕಂಕುಳಿಗೆ ಸೇರಿಸಿಕೊಂಡು, ಅಜ್ಜಿಯ ಕುಂಡದ ಮುಂದೆ ಬಗ್ಗಿ ತೂತುಗಳನ್ನು ನೋಡತೊಡಗಿದರು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಗ್ಗೆ ತಾತ ಗೇಟಿನ ಹೊರಗಿನಿಂದಲೇ ಕೂಗಿ ಕರೆದರು. ಅವರ ಕೈಯಲ್ಲಿ ಒಂದು ಎಲೆ ಇತ್ತು, ಅದರಲ್ಲಿ ದುಂಡಗಿನ ತೂತು. ಕಪ್ ಗೆದ್ದಾಗಲೂ ಅವರ ಮುಖ ಅಷ್ಟು ಅರಳಿರಲಿಲ್ಲ.

ಅಷ್ಟು ಹೊತ್ತಿಗೆ ಪೈಪಿನ ಜೇನು ಬರುವುದು ನಿಂತಿತ್ತು. ಪೈಪಿನ ಬಾಯಿಗೆ ಎಲೆಯ ಮುಚ್ಚಳ ಬಿದ್ದಿತ್ತು, ಹಸಿರು ಹೋಗಿ ಕಂದು ಬಣ್ಣವಾಗಿತ್ತು. ಅಜ್ಜಿ ದಿನಾ ಬೆಳಗ್ಗೆ ಸ್ಟೂಲ್ ಹತ್ತಿ ಅದನ್ನು ನೋಡಿ ಇಳಿಯುತ್ತಿದ್ದರು. ಒಂದು ದಿನ ಮುಚ್ಚಳದಲ್ಲಿ ತೂತು ಬಿದ್ದಿತ್ತು, ಒಳಗಿನಿಂದ.

ಇಬ್ಬರೂ ಕುಂಡದ ಹತ್ತಿರ ಕೂತು ಕಾದರು. ಒಂದೆರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಒಂದು ಪುಟ್ಟ ಜೇನು ಬಂದು, ಎಲೆಯಿಂದ ಎಲೆಗೆ ಹಾರಿ, ಕೊನೆಗೆ ಒಂದರ ಅಂಚು ಹಿಡಿಯಿತು. ನಡುವೆ ನಿಂತಿತು, ಮತ್ತೆ ಕತ್ತರಿಸಿತು. ತುಂಡು ಜಾರಿ ಕೆಳಗೆ ಬಿತ್ತು.

ಬಟನ್ ಅದನ್ನು ಅಂಗೈಯಲ್ಲಿ ಇಟ್ಟುಕೊಂಡಳು. ದುಂಡಗಿರಲಿಲ್ಲ. ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ತಗ್ಗಿತ್ತು. ಥೇಟ್ ಇಲಿ ಕಚ್ಚಿದ ಬಿಸ್ಕತ್ತು. ಅಜ್ಜಿ ಈಗ ಅದೇ ಮಾತು ಹೇಳುತ್ತಾರೆ ಅಂತ ಅವಳು ತಲೆ ಎತ್ತಿದಳು.

ಅಜ್ಜಿ ಬಗ್ಗಿ ತುಂಡನ್ನು ನೋಡಿದರು. ಅಂಚಿನ ಮೇಲೆ ಬೆರಳಾಡಿಸಿದರು.

“ಹೊಸಬಳು,” ಅಂದರು ಮೆತ್ತಗೆ. “ಕೈ ಕುದುರಬೇಕು ಅಷ್ಟೆ. ಕಲೀತಾಳೆ.”

ಜೇನು ಮತ್ತೆ ಎಲೆಯ ಮೇಲೆ ಬಂದು ಕೂತಿತು. ಬಟನ್ ಅದನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಆಮೇಲೆ ಒಳಗೆ ಹೋಗಿ, ಕೆಂಪು ಕತ್ತರಿಯನ್ನೂ ಒಂದಿಷ್ಟು ಹಳೇ ಪೇಪರನ್ನೂ ತಂದು ಅಜ್ಜಿಯ ಪಕ್ಕದಲ್ಲೇ ಕೂತಳು.