ಏನೂ ಕೇಳದ ಹಡಗು

"ರಸ್ತೆ!" ಎಂದು ಅಪ್ಪ ಮೇಜು ಗುದ್ದಿದ.

"ಹಡಗು!" ಎಂದು ಅಜ್ಜಿ ಚಮಚದಿಂದ ತಟ್ಟೆ ಬಡಿದಳು.

"ರಸ್ತೆ ರಸ್ತೆ ರಸ್ತೆ!" ಎಂದು ಅಣ್ಣ ಕುರ್ಚಿ ಹತ್ತಿ ನಿಂತ.

"ಹಡಗು," ಎಂದಳು ಅಮ್ಮ. ಅವಳು ಗುದ್ದಲಿಲ್ಲ, ಬಡಿಯಲಿಲ್ಲ, ಕುರ್ಚಿಯನ್ನೂ ಹತ್ತಲಿಲ್ಲ. ಆದರೂ ಎಲ್ಲರೂ ಅವಳನ್ನೇ ನೋಡಿದರು. ನನಗೆ ಇಂಥದ್ದು ಬೇಕು ಎಂದು ಅಮ್ಮ ಬಾಯಿಬಿಟ್ಟು ಹೇಳಿದ್ದನ್ನು ಆ ಮನೆಯ ಗೋಡೆಗಳೂ ಅದುವರೆಗೆ ಕೇಳಿರಲಿಲ್ಲ.

ಎರಡು ವೋಟು ಆ ಕಡೆ, ಎರಡು ವೋಟು ಈ ಕಡೆ. ನಾಲ್ಕೂ ಮುಖಗಳು ಮೆಣಸುವಿನ ಕಡೆ ತಿರುಗಿದವು.

ಮೆಣಸು ಐದನೇ ಕ್ಲಾಸಿನ ಹುಡುಗಿ. ನೋಡಲು ಕಾಳಿನಷ್ಟು, ಬಾಯಿ ಬಿಟ್ಟರೆ ಘಾಟು. ಅಜ್ಜಿ ಆ ಹೆಸರಿಟ್ಟ ಮೇಲೆ ಅವಳ ನಿಜವಾದ ಹೆಸರು ಸ್ಕೂಲಿನ ಹಾಜರಿಗೆ ಮಾತ್ರ ಉಳಿದಿತ್ತು. ರಜದ ಪ್ರವಾಸ ಕಾರಿನಲ್ಲೋ ಹಡಗಿನಲ್ಲೋ ಎನ್ನುವುದು ಈಗ ಅವಳ ಒಂದು ಬೆರಳಿನ ಮೇಲೆ ನಿಂತಿತ್ತು. ಮೆಣಸುವಿಗೆ ಖುಷಿಯಲ್ಲಿ ಕಿವಿ ಬಿಸಿಯಾಯಿತು.

"ಸಂಜೆ ಅಂಗಡಿ ಬಾಗಿಲು ಹಾಕೋದರೊಳಗೆ ಹೇಳಿ ಅಂದಿದಾನೆ ಟ್ರಾವೆಲ್ ಏಜೆಂಟು," ಎಂದ ಅಪ್ಪ. "ಬೇಗ ಹೇಳು ಮಗಳೇ. ಕಾರಲ್ಲಿ ಮುಂದಿನ ಸೀಟು ನಿಂದೇ. ಹಾರ್ನೂ ನಿಂದೇ."

"ಹಡಗಲ್ಲಿ ನೀರಿನ ಜಾರುಬಂಡೆ ಇದೆ," ಎಂದಳು ಅಜ್ಜಿ, ಕಣ್ಣು ಮಿಟುಕಿಸಿ. "ಐಸ್‌ಕ್ರೀಮು ಎಷ್ಟು ಬೇಕಾದ್ರೂ."

"ಇದು ಲಂಚ!" ಎಂದ ಅಣ್ಣ.

"ಹಾರ್ನು ಲಂಚ ಅಲ್ವೇನೋ?" ಎಂದಳು ಅಜ್ಜಿ.

ಖರ್ಚು ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಎಂದು ಮೊದಲೇ ಗೊತ್ತಾಗಿತ್ತು. ಹಾಗಾಗಿ ದುಡ್ಡಿನ ನೆಪ ಹೇಳಿ ತಪ್ಪಿಸಿಕೊಳ್ಳಲು ಯಾರಿಗೂ ದಾರಿ ಇರಲಿಲ್ಲ. ನ್ಯಾಯವಾಗಿ ವಾದ ಮಾಡಲೇಬೇಕಿತ್ತು.

"ಹಡಗು ಅಂದ್ರೇನು? ನೀರಿನ ಮೇಲೆ ತೇಲೋ ಲಾಡ್ಜು!" ಎಂದ ಅಪ್ಪ. "ಅವರು ಕರಕೊಂಡು ಹೋದ ಕಡೆ ಹೋಗಬೇಕು, ಅವರು ಕೂಗಿದಾಗ ವಾಪಸ್ ಬರಬೇಕು. ರಸ್ತೆ ಹಾಗಲ್ಲ. ಎಲ್ಲಿ ಮನಸ್ಸಾಯ್ತೋ ಅಲ್ಲಿ ಬ್ರೇಕು!"

ಹೇಳುತ್ತಿದ್ದಂತೆ ಮೇಜಿನ ಕೆಳಗೆ ಅವನ ಕಾಲು ದಪ್ಪೆಂದು ನೆಲ ಒತ್ತಿತು. ಅಪ್ಪ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕ ಕೂತು ಕೂತು, ಊಟಕ್ಕೆ ಕೂತಾಗಲೂ ಅವನ ಕಾಲು ಬ್ರೇಕು ಹುಡುಕುತ್ತಿತ್ತು.

"ನಿನ್ನ ಬ್ರೇಕಿಗೆ ನನ್ನ ಮಂಡಿಯೇ ಸಾಕ್ಷಿ ಕಣೋ," ಎಂದಳು ಅಜ್ಜಿ. "ಹೋದ ವರ್ಷ ಊರಿಗೊಂದು ಲಾಡ್ಜು, ಲಾಡ್ಜಿಗೊಂದು ಮೆಟ್ಟಿಲ ಸಾಲು. ರಾತ್ರಿ ಚೀಲ ಬಿಚ್ಚು, ಬೆಳಿಗ್ಗೆ ಚೀಲ ಕಟ್ಟು. ಹಡಗಲ್ಲಾದ್ರೆ ಒಂದ್ಸಲ ಬಟ್ಟೆ ತೆಗೆದಿಟ್ಟರೆ ಮುಗೀತು. ನಾವು ಗೊರಕೆ ಹೊಡೀತಾ ಇದ್ರೆ ರೂಮೇ ಊರಿಂದ ಊರಿಗೆ ಹೋಗುತ್ತೆ!"

"ಸಮುದ್ರ ಬೋರು ಅಜ್ಜಿ," ಎಂದ ಅಣ್ಣ. "ಈ ಕಡೆ ನೀರು, ಆ ಕಡೆ ನೀರು."

"ನಿನ್ನ ರಸ್ತೇಲಿ ನಾನು ಕಂಡಿದ್ದೇನು? ಈ ಕಡೆ ನಿನ್ನ ವಾಂತಿ, ಆ ಕಡೆ ನಿನ್ನ ವಾಂತಿ."

ಮೆಣಸು ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಅಪ್ಪ ಸೋಲೊಪ್ಪುವ ಕುಳವಲ್ಲ.

"ಜಿಂಕೆ ಮರೆತುಬಿಟ್ರಾ? ತಿರುವಲ್ಲಿ, ರಸ್ತೆ ಮಧ್ಯ, ಕೊಂಬು ಎತ್ತಿಕೊಂಡು ನಿಂತಿತ್ತಲ್ಲ! ನಾನು ಗಾಡಿ ನಿಲ್ಲಿಸ್ದೆ. ನಮ್ಮನ್ನೇ ನೋಡ್ತಾ ಇತ್ತು. ಯಾವ ಹಡಗು ಜಿಂಕೆಗೆ ನಿಲ್ಲುತ್ತೆ ಹೇಳಿ?"

ಆ ಜಿಂಕೆ! ಮೆಣಸುವಿನ ಮೈ ಜುಮ್ಮೆಂದಿತು. ಅವಳ ವೋಟು ರಸ್ತೆಯ ಕಡೆಗೆ ಒಂದು ಹೆಜ್ಜೆ ಇಟ್ಟಿತು.

"ಯಾವ ಜಿಂಕೆ?" ಎಂದಳು ಅಮ್ಮ.

ಅಪ್ಪ ಅಣ್ಣನ ಕಡೆ ನೋಡಿದ.

"ಅದೇ ಅಮ್ಮಾ, ನಾನು ವಾಂತಿ ಮಾಡ್ತಾ ಇದ್ನಲ್ಲ ಆವಾಗ..." ಎಂದ ಅಣ್ಣ.

"ಓ, ಆವಾಗಾ?" ಎಂದಳು ಅಮ್ಮ. "ನಾನು ಸೀಟಿನ ಕೆಳಗೆ ಕವರ್ ಹುಡುಕ್ತಾ ಇದ್ದೆ."

ಅಪ್ಪ ಗಂಟಲು ಸರಿಮಾಡಿಕೊಂಡ. "ಅಲ್ಲ, ನಿಂಗೆ ಹಡಗೇ ಯಾಕೆ ಬೇಕು? ಅದನ್ನಾದ್ರೂ ಹೇಳು."

"ಅಲ್ಲಿ ಯಾರೂ ನನ್ನ ಏನೂ ಕೇಳಲ್ಲ ಕಣ್ರೀ."

ಅಮ್ಮ ರೈಲು ನಿಲ್ದಾಣದಲ್ಲಿ ವಿಚಾರಣೆ ಕೌಂಟರಿನ ಕಿಟಕಿಯ ಹಿಂದೆ ಕೂರುತ್ತಾಳೆ. ಯಾವ ಗಾಡಿ, ಯಾವ ಪ್ಲಾಟ್‌ಫಾರಂ, ಯಾಕೆ ಲೇಟು, ಶೌಚಾಲಯ ಎಲ್ಲಿ, ನನ್ನ ಮಾವ ಇಳಿದರಾ? ಬೆಳಗಿನಿಂದ ಸಂಜೆಯವರೆಗೆ ಪ್ರಶ್ನೆಗಳ ಸುರಿಮಳೆ. ಮನೆಗೆ ಬಂದರೆ ಕಿಟಕಿಯೊಂದಿಲ್ಲ, ಕೌಂಟರು ಅದೇ. ಅಮ್ಮಾ ನನ್ನ ಸಾಕ್ಸ್ ಎಲ್ಲಿ, ಏನೇ ನನ್ನ ವಾಚು ಎಲ್ಲಿ, ತಿಂಡಿ ಏನು, ಟವೆಲ್ ಯಾವುದು? ಪ್ರವಾಸಕ್ಕೆ ಹೊರಟರೆ ಕೌಂಟರೂ ಕಾರು ಹತ್ತಿ ಜೊತೆಗೇ ಬರುತ್ತಿತ್ತು.

"ಅಷ್ಟೇ ತಾನೇ?" ಎಂದ ಅಪ್ಪ, ಎದ್ದು ನಿಂತು. "ಅದಕ್ಕೆ ಸಮುದ್ರ ಯಾಕೆ? ಇವತ್ತು ಈ ಮನೇನೇ ಹಡಗು. ನೀನು, ನಮ್ಮಮ್ಮ ಪ್ಯಾಸೆಂಜರು. ನಾವು ಮೂರು ಜನ ಸಿಬ್ಬಂದಿ. ಸಂಜೆ ಮೆಣಸು ವೋಟು ಹಾಕಲಿ."

"ಅಡುಗೆ?"

"ನಮ್ಮದೇ!"

"ಏನೂ ಕೇಳಬಾರದು," ಎಂದಳು ಅಮ್ಮ. "ಉಪ್ಪೆಲ್ಲಿ ಅಂತ ಪ್ಯಾಸೆಂಜರ್‌ನ ಯಾರೂ ಕೇಳಲ್ಲ."

"ಒಂದು ಮಾತೂ ಕೇಳಲ್ಲ!" ಎಂದು ಅಪ್ಪ ಡ್ರೈವಿಂಗ್ ಸ್ಕೂಲಿನ ಸೀಟಿ ಊದಿದ. "ಹಡಗು ಹೊರಟಿತು!"

ಅಮ್ಮನನ್ನೂ ಅಜ್ಜಿಯನ್ನೂ ಬಾಲ್ಕನಿಯ ಕುರ್ಚಿಗಳಲ್ಲಿ ಕೂರಿಸಿ, ಕಾಲಿಗೆ ಸ್ಟೂಲು ಕೊಟ್ಟು, ಸಿಬ್ಬಂದಿ ಅಡುಗೆಮನೆಗೆ ನುಗ್ಗಿತು. ಸೂಪು, ಬೇಯಿಸಿದ ಮೊಟ್ಟೆ, ಬ್ರೆಡ್ಡು ಎಂದು ತೀರ್ಮಾನವಾಯಿತು. ಕ್ಯಾಪ್ಟನ್ ಅಪ್ಪ ಆಲೂಗಡ್ಡೆ ಹೆಚ್ಚುವುದು, ಅಣ್ಣ ಒಲೆಯ ಕಡೆ, ಉಳಿದದ್ದೆಲ್ಲ ಮೆಣಸು.

ಉಳಿದದ್ದೆಲ್ಲ ಎಂದರೆ ಎಷ್ಟು ಎಂದು ಆಗ ಅವಳಿಗೆ ಗೊತ್ತಿರಲಿಲ್ಲ.

ಚಾಕು ಸಿಕ್ಕಿತು. ಹೆಚ್ಚುವ ಮಣೆ ಸಿಗಲಿಲ್ಲ. ಮಣೆ ಸಿಕ್ಕಿತು, ಅಷ್ಟರಲ್ಲಿ ಚಾಕು ಕಾಣೆ! ಅಣ್ಣ ಮೊಟ್ಟೆಗಳನ್ನು ಪಾತ್ರೆಗೆ ಎತ್ತರದಿಂದ ಬಿಟ್ಟ. ಎರಡು ಬಿರುಕು ಬಿಟ್ಟು ನೀರೆಲ್ಲ ಹಾಲಿನಂತಾಯಿತು.

"ಲೋ, ನಿಧಾನ! ಕ್ಲಚ್ ಬಿಟ್ಟ ಹಾಗೆ ಬಿಡಬೇಕು," ಎಂದ ಅಪ್ಪ.

"ಅಪ್ಪಾ, ಮೊಟ್ಟೆಗೆ ಕ್ಲಚ್ ಇರಲ್ಲ."

"ಎಷ್ಟೊತ್ತು ಬೇಯಿಸಬೇಕು ಇದನ್ನ?" ಎಂದು ಅಪ್ಪ ತಲೆ ಕೆರೆದುಕೊಂಡ. ಅಭ್ಯಾಸಬಲ, ಬಾಲ್ಕನಿಯ ಕಡೆಗೆ ಬಾಯಿ ತೆರೆದೇಬಿಟ್ಟ: "ಏ..."

ಅಣ್ಣ ಹಾರಿ ಬಂದು ಅಪ್ಪನ ಬಾಯಿಗೆ ಟವೆಲ್ ಒತ್ತಿದ. "ಏ... ಏ... ಏನು ಬಿಸಿಲಪ್ಪಾ!" ಎಂದು ಅಪ್ಪ ಟವೆಲಿನೊಳಗಿಂದಲೇ ಮಾತು ತಿರುಗಿಸಿದ. ಬಾಲ್ಕನಿಯಲ್ಲಿ ಅಜ್ಜಿ ಕಿಸಕ್ಕೆಂದಳು.

ಅಮ್ಮನಿಗೂ ಅಲ್ಲಿ ಕೂರುವುದು ಸುಲಭವಾಗಿರಲಿಲ್ಲ. ಏನೋ ಸೀದ ವಾಸನೆ ಬಂದಾಗ ಎದ್ದೇಬಿಟ್ಟಳು. ಅಜ್ಜಿ ಸೆರಗು ಹಿಡಿದೆಳೆದಳು. "ಕೂತ್ಕೊಳ್ಳೇ. ಪ್ಯಾಸೆಂಜರು ಇಂಜಿನ್ ರೂಮಿಗೆ ಹೋಗೋ ಹಾಗಿಲ್ಲ."

"ಅತ್ತೆ, ಸೀಯ್ತಾ ಇದೆ..."

"ಸೀಯ್ಲಿ. ಹಡಗು ಅವರದು."

ಸೂಪು ಕುದಿಯಿತು. ಉಪ್ಪು ಬೇಕು. ಮೆಣಸು ಸ್ಟೂಲು ಹತ್ತಿ ಕಪಾಟಿನಿಂದ ಒಂದೊಂದೇ ಡಬ್ಬಿ ಇಳಿಸಿದಳು. ಕಡೆಗೆ ಎರಡು ಉಳಿದವು. ಎರಡೂ ಒಂದೇ ಥರ, ಒಳಗೆ ಎರಡೂ ಬೆಳ್ಳಗೆ ನುಣ್ಣಗೆ. ಯಾವುದು ಉಪ್ಪು? ಅಪ್ಪನಿಗೆ ಗೊತ್ತಿಲ್ಲ. ಅಣ್ಣನಿಗೆ ಗೊತ್ತಿಲ್ಲ. ಸೂಪು ಉಕ್ಕುತ್ತಿದೆ!

ಒಂದೇ ಒಂದು ಪ್ರಶ್ನೆ ತಾನೇ, ಮೆಲ್ಲಗೆ ಕಿವಿಯಲ್ಲಿ ಕೇಳಿದರಾಯಿತು ಎಂದು ಮೆಣಸು ಎರಡೂ ಡಬ್ಬಿ ಎದೆಗವಚಿಕೊಂಡು ಬಾಲ್ಕನಿಗೆ ಓಡಿದಳು.

ಅಮ್ಮ ಬೆನ್ನು ಮಾಡಿ ಕೂತಿದ್ದಳು. ಕಾಲು ಸ್ಟೂಲಿನ ಮೇಲೆ, ಚಪ್ಪಲಿ ಎಲ್ಲೋ. ಕತ್ತು ಮುಂದಕ್ಕೆ ಚಾಚಿದ್ದಳು. ಎದುರಿನ ಎರಡು ಕಟ್ಟಡಗಳ ಸಂದಿಯಲ್ಲಿ, ದೂರದಲ್ಲಿ, ಏನೋ ಉದ್ದಕ್ಕೆ ಹರಿದು ಹೋಗುತ್ತಿತ್ತು.

"ಅತ್ತೆ, ರೈಲು! ನೋಡಿ, ರೈಲು! ನಮ್ಮ ಮನೆಯಿಂದ ರೈಲು ಕಾಣುತ್ತೆ!"

"ಯಾವಾಗ್ಲೂ ಕಾಣುತ್ತಲ್ಲೇ," ಎಂದಳು ಅಜ್ಜಿ.

"ನಂಗೆ ಗೊತ್ತೇ ಇರಲಿಲ್ಲ." ಅಮ್ಮ ಚಿಕ್ಕ ಹುಡುಗಿಯಂತೆ ಕೈ ತಟ್ಟಿದಳು. ಆಮೇಲೆ ಕೈಗಡಿಯಾರದ ಕಡೆ ಕಣ್ಣು ಹಾಯಿಸಿ, "ಅಯ್ಯೋ, ಲೇಟು ಇದು," ಎಂದವಳು ಬಿದ್ದು ಬಿದ್ದು ನಕ್ಕಳು. "ಆಗಲಿ ಬಿಡಿ! ಇವತ್ತು ನನ್ನ ಕೇಳೋರು ಯಾರು!"

ಪ್ರಶ್ನೆ ಮೆಣಸುವಿನ ನಾಲಿಗೆಯ ತುದಿಯಲ್ಲಿತ್ತು. ಅವಳು ಅದನ್ನು ಗುಳಿಗೆಯಂತೆ ನುಂಗಿದಳು. ಬಂದ ಹಾಗೇ, ತುದಿಗಾಲಲ್ಲಿ, ಹಿಂದಕ್ಕೆ ಹೋದಳು.

ಅಡುಗೆಮನೆಯಲ್ಲಿ ಒಂದು ಡಬ್ಬಿಗೆ ಬೆರಳು ಹಾಕಿ ನೆಕ್ಕಿದಳು. ಥೂ! ಅಡುಗೆ ಸೋಡಾ! ಮುಖ ಸುಟ್ಟ ಬದನೆಕಾಯಿಯಂತಾಯಿತು. ಆದರೆ ಉಪ್ಪು ಗೊತ್ತಾಗಿಬಿಟ್ಟಿತಲ್ಲ!

ಊಟ ತಡವಾಗಿ ಬಂತು. ಸೂಪಿನಲ್ಲಿ ಆಲೂಗಡ್ಡೆ ಒಂದು ಕಡೆ ಬೆಂದು ಒಂದು ಕಡೆ ಬೆಂದಿರಲಿಲ್ಲ. ಬ್ರೆಡ್ಡಿನ ಅಂಚು ಕಪ್ಪಾಗಿತ್ತು. ಪ್ಯಾಸೆಂಜರುಗಳು ಎರಡೆರಡು ಸಲ ಹಾಕಿಸಿಕೊಂಡರು. ಅಮ್ಮ ಬಿಸಿ ಸೂಪನ್ನು ಊದಿ ಊದಿ ಕುಡಿದಳು. ಅವಳ ಪಾಲು ಆರುವ ಮುಂಚೆ ಅವಳ ಬಾಯಿಗೆ ಹೋದದ್ದನ್ನು ಮೆಣಸು ಕಣ್ಣರಳಿಸಿ ನೋಡಿದಳು.

ಅಪ್ಪ ಎದೆಯುಬ್ಬಿಸಿದ. "ನೋಡಿದ್ರಾ? ಒಂದು ಪ್ರಶ್ನೆ ಇಲ್ಲದೆ ಹಡಗು ನಡೀತು! ಇನ್ನು ಸಮುದ್ರ ಯಾಕೆ? ಹಾಕು ಮೆಣಸು, ರಸ್ತೆಗೆ ವೋಟು."

"ಅಪ್ಪಾ, ರಜದಲ್ಲಿ ದಿನಾ ಹೀಗೇ ನಡೆಸ್ತೀಯಾ?"

"ದಿನಾನಾ?"

"ಎಲ್ಲಾ ಲಾಡ್ಜಲ್ಲೂ. ಚೀಲ ನೀನೇ ಬಿಚ್ಚಿ, ನೀನೇ ಕಟ್ಟಿ. ಕವರು ಅಣ್ಣಾನೇ ಹುಡುಕಿಕೊಂಡು."

ಮೇಜಿನ ಕೆಳಗೆ ದಪ್ಪೆಂದು ಸದ್ದಾಯಿತು. ಅಪ್ಪ ಬ್ರೇಕು ಒತ್ತಿದ್ದ.

"ಒಂದು ದಿನಕ್ಕೇ ನನ್ನ ಸೊಂಟ ಹೋಯ್ತಲ್ಲೇ," ಎಂದ ಮೆಲ್ಲಗೆ.

ಮೆಣಸು ಕೈ ಎತ್ತಿದಳು. ಬೆರಳಲ್ಲ, ಇಡೀ ಕೈ. "ಹಡಗು!"

ಅಜ್ಜಿ ತಟ್ಟೆ ಬಡಿದ ಸದ್ದಿಗೆ ಪಾರಿವಾಳಗಳು ಹಾರಿದವು. ಅಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಲಂಚ ತಿಂದಿದಾಳೆ ಇವಳು!" ಎಂದ ಅಣ್ಣ.

"ನಾನು ತಿಂದಿದ್ದು ಬರೀ ಸೋಡಾ," ಎಂದಳು ಮೆಣಸು.

ಅಪ್ಪ ಜೋರಾಗಿ ನಕ್ಕ. ಸೋತವನ ನಗೆಯೇ ಆದರೂ ಒಳ್ಳೆಯ ನಗೆ. ಫೋನು ಕೈಗೆತ್ತಿಕೊಂಡು, "ಏನೇ, ಆ ಏಜೆಂಟನ ನಂಬರು ಎಲ್ಲಿ..." ಎಂದು ಅಲ್ಲೇ ನಾಲಿಗೆ ಕಚ್ಚಿಕೊಂಡ. ನಗು ತಡೆಯಲಾಗದೆ ಅಜ್ಜಿಗೆ ಕೆಮ್ಮು ಹತ್ತಿತು. ಅಣ್ಣ ಫೋನಿನಲ್ಲೇ ಹುಡುಕಿ ನಂಬರು ಒತ್ತಿದ.

ಏಜೆಂಟು ಎಲ್ಲ ಹೇಳಿದ. ರೂಮಿಗೆ ಕಿಟಕಿ ಉಂಟು, ದಿನವೂ ಹಾಸಿಗೆ ಮಡಚುವವರು ಬರುತ್ತಾರೆ, ಮೂರು ಹೊತ್ತೂ ಊಟ, ಅಜ್ಜಿಗೆ ಲಿಫ್ಟು. ಮೆಣಸು ಫೋನು ಕಸಿದುಕೊಂಡಳು.

"ಅಂಕಲ್, ಹಡಗಲ್ಲಿ ಪಾತ್ರೆ ತೊಳೆಯೋರಿಗೆ ಸಮುದ್ರ ಕಾಣುತ್ತಾ?"

ಆ ಕಡೆ ಏನೋ ಕಾಗದ ಸರಿಸಿದ ಸದ್ದು ಕೇಳಿಸಿತು.

"ಅದನ್ನ ಇದುವರೆಗೂ ಯಾರೂ ಕೇಳಿಲ್ಲ ಪುಟ್ಟಾ. ಅವರ ಕೆಲಸ ಕೆಳಗಡೆ ಇರುತ್ತೆ. ಅಲ್ಲಿ ಕಿಟಕಿ ಇರಲ್ಲ ಅನ್ಸುತ್ತೆ."

"ಕೆಲಸ ಮುಗಿದ ಮೇಲೆ ಮೇಲೆ ಬರಬಹುದಾ?"

"ವಿಚಾರಿಸಿ ಹೇಳ್ತೀನಮ್ಮ," ಎಂದ ಏಜೆಂಟು.

ಟಿಕೆಟ್ ಆಯಿತು. ಮನೆಯಲ್ಲಿ ಗಲಾಟೆಯೋ ಗಲಾಟೆ. ಅಜ್ಜಿ ಕಪ್ಪು ಕನ್ನಡಕ ಬೇಕೆಂದಳು. ಅಣ್ಣ ಆಗಲೇ ಸೋಫಾದ ಮೇಲಿಂದ ಈಜುಕೊಳಕ್ಕೆ ಹಾರುತ್ತಿದ್ದ. ಅಮ್ಮ ಏಳುತ್ತಾ, "ಪಾತ್ರೆ ಹಾಗೇ ಇದೆಯಲ್ಲ," ಎಂದಳು.

"ಹಡಗು ಇನ್ನೂ ದಡ ಸೇರಿಲ್ಲ!" ಎಂದು ಮೆಣಸು ಅಡ್ಡ ನಿಂತಳು. ಅಪ್ಪನನ್ನೂ ಅಣ್ಣನನ್ನೂ ಅಂಗಿ ಹಿಡಿದು ಎಳೆದೊಯ್ದಳು.

ಸಿಂಕಿನಲ್ಲಿ ಪಾತ್ರೆಗಳ ಬೆಟ್ಟ. ಮೆಣಸು ಸ್ಟೂಲು ಹತ್ತಿ ಮೊಣಕೈವರೆಗೆ ನೊರೆಯಲ್ಲಿ ಕೈ ಮುಳುಗಿಸಿದಳು. ಅವಳ ಮುಖದ ಎದುರಿಗೇ ಒಂದು ಪುಟ್ಟ ಕಿಟಕಿ. ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ, ಒಂದು ನೀರಿನ ಕೊಳವೆ. ಅಷ್ಟೇ.

"ಬಂತು! ಇನ್ನೊಂದು ಬಂತು!" ಬಾಲ್ಕನಿಯಿಂದ ಅಮ್ಮನ ಕೂಗು.

ಅಪ್ಪ, ಅಣ್ಣ ಎಲ್ಲ ಬಿಟ್ಟು ಓಡಿದರು. ಮೆಣಸುವಿನ ಕೈ ತುಂಬ ನೊರೆ. ರೈಲಿನ ಸದ್ದು ದೂರದಿಂದ ಕೇಳಿಸಿತು, ಸಣ್ಣಗಾಯಿತು, ನಿಂತುಹೋಯಿತು. ಅವಳು ಗೋಡೆಯನ್ನು ನೋಡುತ್ತಾ ನಿಂತಿದ್ದಳು. ಅಮ್ಮ ದಿನಾ ನಿಲ್ಲುವ ಜಾಗ ಅದು.

ಇಬ್ಬರೂ ಏದುಸಿರು ಬಿಡುತ್ತಾ ವಾಪಸ್ ಬಂದಾಗ ಮೆಣಸು ಸ್ಟೂಲಿನಿಂದ ಇಳಿದು ಅಪ್ಪನ ಕೈಗೆ ಸೋಪು ಕೊಟ್ಟಳು, ಅಣ್ಣನಿಗೆ ತಟ್ಟೆಗಳ ರಾಶಿ.

"ಮುಂದಿನ ರೈಲು ನಂದು. ಅದರ ಮುಂದಿನದು ಅಣ್ಣಂದು. ಆಮೇಲೆ ಅಪ್ಪಂದು."

"ಸರಿ ಕ್ಯಾಪ್ಟನ್," ಎಂದ ಅಪ್ಪ. "ಮುಂದಿನದು ಎಷ್ಟು ಹೊತ್ತಿಗೋ? ತಾಳು, ನಿಮ್ಮಮ್ಮನ್ನ ಕೇ..."

"ಶ್!" ಎಂದಳು ಮೆಣಸು. "ಬಂದಾಗ ಬರುತ್ತೆ."

ಮೂವರೂ ಪಾತ್ರೆ ಉಜ್ಜುತ್ತಾ, ಸದ್ದಿಗಾಗಿ ಕಿವಿ ನಿಮಿರಿಸಿಕೊಂಡು ಕಾದರು.