ಮೀನಿಲ್ಲದ ತಟ್ಟೆ

"ಬಾಗಿಲು ತೆಗೀಬೇಡಿ!"

ಹೊರಗಿನ ದನಿ ಕೂಗುವಷ್ಟರಲ್ಲಿ ದೀಕ್ಷಿತಾ ಬಾಗಿಲು ತೆಗೆದಾಗಿತ್ತು. ಎದುರಿಗೆ ಪ್ಲಾಸ್ಟಿಕ್ ನಿಲುವಂಗಿಯೊಳಗೆ ಒಬ್ಬ ಮನುಷ್ಯ... ಕಾಣುತ್ತಿದ್ದುದು ಎರಡು ಕಣ್ಣು ಮಾತ್ರ. ಕೈಯಲ್ಲಿ ಗಂಜಿಯ ತಟ್ಟೆ.

"ಪುನಃ ಗಂಜಿಯಾ? ಒಂದು ತುಂಡು ಮೀನಾದರೂ ಇಲ್ವಾ?"

"ನಿಮಗೆ ರುಚಿಯೇ ಗೊತ್ತಾಗುವುದಿಲ್ಲ ಅಂತ ಡಾಕ್ಟರು ಹೇಳಿದ್ರು. ಮೀನಾದರೆ ಎಂತ, ತೊಂಡೆಕಾಯಿಯಾದರೆ ಎಂತ?"

"ನಾನು ಕಾಪುವಿನವಳು ಮಾರಾಯ್ರೆ! ರುಚಿ ವಾಪಸ್ ಬರುವುದಿದ್ದರೆ ಮೀನಿಗೇ ಬರ್ತದೆ."

ಆ ಕಣ್ಣುಗಳು ನಕ್ಕವು. ಅವಳು ರಪ್ಪನೆ ಬಾಗಿಲು ಹಾಕಿಕೊಂಡಳು. ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ? ರೋಗವೇ ಇರಬೇಕು...

ಕೊರೊನಾದ ಎರಡನೇ ಅಲೆ. ದೇಶಕ್ಕೆ ದೇಶವೇ ಆಕ್ಸಿಜನ್ ಹುಡುಕುತ್ತಿತ್ತು. ಮಣಿಪಾಲದ ಅವಳ ವಿಶ್ವವಿದ್ಯಾಲಯ ಮಾತ್ರ ಹಟ ಹಿಡಿದಂತೆ ನಡೆಯುತ್ತಲೇ ಇತ್ತು. ಪಾಠ ಮೊಬೈಲಿಗೆ ಬಂತು. ಊರಿಗೆ ಹೋಗಲಾಗದವರಿಗೆ ಮೆಸ್ಸಿನ ಒಲೆ ಉರಿಯಿತು. ಸೋಂಕು ತಗಲಿದವರಿಗೆ ಹಾಸ್ಟೆಲಿನಲ್ಲಿ ಪ್ರತ್ಯೇಕ ಕೋಣೆ, ನೋಡಿಕೊಳ್ಳಲು ಸ್ವಯಂಸೇವಕರು.

ಫಾರ್ಮಸಿ ಓದುತ್ತಿದ್ದ ದೀಕ್ಷಿತಾಳ ಪಾಲಿಗೆ ಬಂದವನು ಜೋವಿನ್. ಕಾರ್ಕಳದವನು, ಸಮಾಜಕಾರ್ಯದ ವಿದ್ಯಾರ್ಥಿ. ಊಟ ತರುವುದು, ಆಕ್ಸಿಮೀಟರ್ ಎಷ್ಟು ತೋರಿಸುತ್ತಿದೆ ಎಂದು ಕೇಳುವುದು, ಮನೆಯ ಸುದ್ದಿ ಮುಟ್ಟಿಸುವುದು ಅವನ ಕೆಲಸ.

ಮರುದಿನ ಗಂಜಿಯ ಜೊತೆ ಒಣ ಸಿಗಡಿ ಚಟ್ನಿ ಬಂತು!

"ಮೆಸ್ಸಿನ ಪ್ರಫುಲ್ಲಕ್ಕನ ಕಾಲಿಗೆ ಬೀಳುವುದೊಂದು ಬಾಕಿ," ಎಂದ ಬಾಗಿಲಾಚೆಯಿಂದ. "ರುಚಿ ಬಂತಾ?"

"ಇಲ್ಲ."

"ನಾಳೆ ತರ್ತೇನೆ."

ಆಮೇಲೆ ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಅವನು ಬಾಗಿಲಿನ ಆಚೆ ನೆಲದಲ್ಲಿ ಕೂರುತ್ತಿದ್ದ, ಅವಳು ಈಚೆ. ಮುಖವನ್ನೇ ಸರಿಯಾಗಿ ನೋಡಿರದ ಒಬ್ಬನು ಕೆಮ್ಮಿದರೂ ಅವನಿಗೇನಾಯಿತೋ ಎಂದು ಅವಳು ಹೆದರತೊಡಗಿದಳು.

ಮಲ್ಪೆಯಲ್ಲಿ ಬೋಟು ನಡೆಸುವ ಅವಳ ಅಪ್ಪ ಭೋಜ ಉಡುಪಿಯ ಆಸ್ಪತ್ರೆಯಲ್ಲಿದ್ದ. ಅಮ್ಮ ಕುಶಲಾ ಮನೆಯಲ್ಲಿ ಒಬ್ಬಳೇ, ಅವಳಿಗೂ ಜ್ವರ. ಫೋನಿನಲ್ಲಿ ಅಮ್ಮ ಎಲ್ಲ ಸರಿಯಿದೆ ಎಂದಷ್ಟೇ ಹೇಳುತ್ತಿದ್ದಳು; ಆಸ್ಪತ್ರೆಗೆ ವಿಚಾರಿಸಿ ತಿಳಿಸುತ್ತಿದ್ದವನು ಜೋವಿನ್.

"ಒಂದು ಮಾತು ಕೊಡಿ ಜೋವಿನ್. ಅಪ್ಪನ ವಿಷಯದಲ್ಲಿ ನನ್ನ ಹತ್ರ ಸುಳ್ಳು ಹೇಳಬಾರದು. ಎಷ್ಟು ಕೆಟ್ಟ ಸುದ್ದಿಯಾದರೂ!"

"ಹೇಳುವುದಿಲ್ಲ."

ಆ ಮಾತೊಂದನ್ನು ಹಿಡಿದುಕೊಂಡೇ ಅವಳು ಉಸಿರಾಡುತ್ತಿದ್ದಳು.

ಒಂದು ದಿನ ತಟ್ಟೆಯಲ್ಲಿ ಚಟ್ನಿ ಇರಲಿಲ್ಲ.

"ಪ್ರಫುಲ್ಲಕ್ಕ ಕೋಪ ಮಾಡಿದ್ರಾ?" ಎಂದು ನಕ್ಕಳು. "ಅಪ್ಪ ಹೇಗಿದ್ದಾರೆ?"

"ಹಾಗೇ ಇದ್ದಾರೆ," ಎಂದ. ಅಂದು ಅವನು ಕೂರಲಿಲ್ಲ.

ಮರುದಿನವೂ ಬರೀ ತೊಂಡೆಕಾಯಿ. ಅಷ್ಟರಲ್ಲಿ ಪಕ್ಕದ ಕೋಣೆಯ ಚೈತಾಲಿ ಗೋಡೆ ತಟ್ಟಿ ಕೂಗಿದಳು, "ದೀಕ್ಷಿತಾ, ಇವತ್ತಿನ ಸಿಗಡಿ ಚಟ್ನಿ ಸೂಪರ್ ಅಲ್ವಾ!"

ದೀಕ್ಷಿತಾ ತಟ್ಟೆಯನ್ನೇ ನೋಡಿದಳು.

ಮನೆಯಲ್ಲಿ ಸಾವಾದರೆ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿಯುವವರೆಗೆ ಅವರಲ್ಲಿ ಮೀನು ಮುಟ್ಟುವುದಿಲ್ಲ. ಅಜ್ಜಿ ಸತ್ತಾಗ ಮೀನು ಬೇಕು ಬೇಕು ಎಂದು ಅತ್ತ ಅವಳಿಗೆ ಅಪ್ಪನೇ ಹಾಗೆಂದು ತಿಳಿಹೇಳಿದ್ದ.

"ಜೋವಿನ್... ನನ್ನ ತಟ್ಟೆಗೆ ಮಾತ್ರ ಮೀನು ಯಾಕಿಲ್ಲ?"

ಬಾಗಿಲಾಚೆ ಪ್ಲಾಸ್ಟಿಕ್ ಸರಪರ ಎಂದಿತು.

"ಅಪ್ಪನಾ?"

"...ಹೌದು."

"ನಿನ್ನೆ ನಾನು ನಗ್ತಾ ಇದ್ದೆ! ನೀನು ಕೇಳಿಸಿಕೊಂಡು ನಿಂತಿದ್ದೆ!"

"ನಿಮ್ಮ ಆಕ್ಸಿಜನ್ ಇಳಿಯುತ್ತಾ ಇತ್ತು. ಗುಣ ಆಗುವವರೆಗೆ ಹೇಳಬೇಡಿ ಅಂತ ನಿಮ್ಮ ಅಮ್ಮ ಫೋನಿನಲ್ಲಿ ಅತ್ತರು..."

"ಹೋಗು. ಪುನಃ ಬರಬೇಡ."

ಅವನು ಹೋದ. ಬೇರೆಯವರು ಗಂಜಿ ತಂದರು. ಪರೀಕ್ಷೆಯನ್ನು ಯಾವಾಗ ಬೇಕಾದರೂ ಬರೆ ಎಂದರು ಮೇಷ್ಟ್ರು. ಕೌನ್ಸೆಲರ್ ದಿನವೂ ಫೋನ್ ಮಾಡಿ, ಅವಳು ಅಳುವಷ್ಟು ಹೊತ್ತೂ ಕೇಳಿಸಿಕೊಂಡರು. ಎಲ್ಲರೂ ಒಳ್ಳೆಯವರಾಗಿದ್ದರು. ಅದರಿಂದ ಅಪ್ಪ ವಾಪಸ್ ಬರಲಿಲ್ಲ.

ನೆಗೆಟಿವ್ ಬಂದ ದಿನ ವಿಶ್ವವಿದ್ಯಾಲಯದ ಕಾರು ಅವಳನ್ನು ಕಟಪಾಡಿ ದಾಟಿಸಿ ಕಾಪುವಿನ ಮನೆಗೆ ಬಿಟ್ಟಿತು. ಹೆದ್ದಾರಿಯ ಅಂಗಡಿಗಳೆಲ್ಲ ಕಣ್ಣು ಮುಚ್ಚಿದ್ದವು. ಅಮ್ಮ ಅರ್ಧಕ್ಕರ್ಧ ಆಗಿದ್ದಳು.

"ಕೊನೆಗೆ ಅಪ್ಪನ ಹತ್ರ ಯಾರಿದ್ರು ಅಮ್ಮಾ?"

"ನಮ್ಮವರು ಯಾರಿಗೂ ಹೋಗ್ಲಿಕ್ಕೆ ಆಗಲಿಲ್ಲ ಮಗಾ. ನಿಮ್ಮ ಯೂನಿವರ್ಸಿಟಿಯ ಒಬ್ಬ ಹುಡುಗ ಹೋದ. ಸ್ಮಶಾನದಲ್ಲಿ ಫೋನು ಎತ್ತಿ ಹಿಡಿದು ನನಗೆ ತೋರಿಸಿದ. ಜೋವಿನ್ ಅಂತ. ಕ್ರಿಶ್ಚಿಯನ್ನರ ಹುಡುಗ."

ದೀಕ್ಷಿತಾ ಗೋಡೆಗೊರಗಿದಳು. ಹೋಗು ಅಂದೆನಲ್ಲ... ಅವನು ಇದರ ಒಂದು ಮಾತೂ ಎತ್ತದೆ ಹೋದನಲ್ಲ!

ನಾಲ್ಕೇ ಜನರ ನಡುವೆ ಬೊಜ್ಜ ಮುಗಿಯಿತು. ಮರುದಿನ ಅವಳೇ ಫೋನ್ ಮಾಡಿದಳು.

ಜೋವಿನ್ ಬಂದು ಜಗಲಿಯ ಮೆಟ್ಟಿಲಲ್ಲಿ ದೂರ ಕುಳಿತ. ಮಾಸ್ಕ್ ಇಳಿಸಿದ. ಅವಳು ಊಹಿಸಿದ್ದ ಮುಖ ಅದಾಗಿರಲಿಲ್ಲ. ಇನ್ನೂ ಎಳೆಯದು, ಇನ್ನೂ ಸೋತದ್ದು. ಮಡಿಲಲ್ಲಿ ಸ್ಟೀಲಿನ ಡಬ್ಬಿ.

"ಸುಳ್ಳು ಹೇಳಿದೆ ನೀನು," ಎಂದಳು.

"ಹೇಳಿದೆ. ಅದಕ್ಕೆ ಕ್ಷಮೆ ಕೇಳುವ ಮುಖ ಇಲ್ಲ. ಸೂತಕದಲ್ಲಿ ತಿಳಿಯದೆ ಮೀನು ತಿಂದೆ ಅಂತ ಮುಂದೆ ನಿನಗೆ ಸಂಕಟ ಆಗಬಾರದು ಅಂತ ಮಾತ್ರ ನೋಡಿದೆ. ತಟ್ಟೆ ನೋಡಿ ನೀನು ತಿಳಿದುಕೊಳ್ತೀ ಅಂತ ಹೊಳೆಯಲೇ ಇಲ್ಲ."

"ಅಲ್ಲಿ... ಅಪ್ಪನಿಗೆ ಎಂತ ಹೇಳಿದೆ?"

"ನಿಮ್ಮ ಮಂತ್ರ ನನಗೆ ಬರುವುದಿಲ್ಲ. ನಮ್ಮ ಪ್ರಾರ್ಥನೆ ಕೊಂಕಣಿಯಲ್ಲಿ ಹೇಳಿದೆ. ಮತ್ತೆ... ಮಗಳು ಗಂಜಿ ಉಣ್ತಾ ಇದ್ದಾಳೆ, ನನಗೆ ಅವಳೆಂದರೆ ಜೀವ, ನೋಡಿಕೊಳ್ತೇನೆ ಅಂತ ಹೇಳಿದೆ. ತಪ್ಪಾಯ್ತಾ?"

ಅವಳು ತುಂಬ ಹೊತ್ತು ಅತ್ತಳು. ಅವನು ಎದ್ದು ಬರಲಿಲ್ಲ, ಎದ್ದು ಹೋಗಲೂ ಇಲ್ಲ.

"ನಿಮ್ಮ ಮನೆಯಲ್ಲಿ ನಮ್ಮನ್ನು ಒಪ್ತಾರಾ?" ಎಂದಳು ಕೊನೆಗೆ.

"ಇಲ್ಲ."

"ನಮ್ಮಲ್ಲೂ ಇಲ್ಲ."

ದೂರದಲ್ಲಿ ದೀಪಸ್ತಂಭದ ಕೆಳಗೆ ಖಾಲಿ ಕಡಲತೀರ. ಒಂದು ಆಂಬುಲೆನ್ಸ್ ಹೆದ್ದಾರಿಯಲ್ಲಿ ಉಡುಪಿಯ ಕಡೆಗೆ ಓಡಿತು. ಅದರ ಕೂಗು ಅಡಗಿದ ಮೇಲೆ ಅವನು ಡಬ್ಬಿಯನ್ನು ಅವಳತ್ತ ಸರಿಸಿದ.

ಅವಳು ಡಬ್ಬಿ ತೆಗೆದು ಒಂದು ಚಿಟಿಕೆ ಸಿಗಡಿ ಚಟ್ನಿ ಬಾಯಿಗೆ ಹಾಕಿಕೊಂಡಳು.

"ರುಚಿ ಬಂತಾ?"

ಅವಳು ಕಣ್ಣು ಮುಚ್ಚಿ ಹುಡುಕಿದಳು...

"ಇಲ್ಲ."

"ನಾಳೆ ತರ್ತೇನೆ."

"ಗಂಜಿ ಆರುವ ಮೊದಲು ಬಾ."