ಎರಡನೆಯ ಬಸ್ಸು

ಕಂಪ್ಯೂಟರ್ ವಿಭಾಗದ ಗುರುರಾಜರು ತೀರಿಕೊಂಡ ಸುದ್ದಿ ಕಾಲೇಜಿಗೆ ಬಂದ ಸೋಮವಾರ, ಅವರ ಜೊತೆ ಕೆಲಸ ಮಾಡುವ ಶಿವಕಾಂತಾ ಲ್ಯಾಬಿನಲ್ಲಿ ತನ್ನೂರು ಕಮಲಾಪುರದ ಕೆಂಪು ಬಾಳೆಹಣ್ಣು ತಂದಿಟ್ಟುಕೊಂಡು ಅವರ ದಾರಿಯನ್ನೇ ನೋಡುತ್ತಿದ್ದಳು. ಭಾನುವಾರ ಬೆಳಗ್ಗೆ ಎದೆನೋವು ಬಂದಿತಂತೆ, ಅಷ್ಟೇ. ಆ ಸೋಮವಾರವೇ ಅವಳು ಅವರಿಗೊಂದು ಉತ್ತರ ಹೇಳುವವಳಿದ್ದಳು.

ಲ್ಯಾಬಿನಲ್ಲಿ ಒಂದಕ್ಕೊಂದು ಜೋಡಿಸಿದ ಆರು ಕಂಪ್ಯೂಟರುಗಳಿದ್ದವು. ಹೊಸದೊಂದು ಬಲು ಚುರುಕು. ಎಲ್ಲರೂ ತಮ್ಮ ಕೆಲಸವನ್ನು ಅದಕ್ಕೇ ಕಳಿಸುವರು, ಅದು ಉಸಿರುಗಟ್ಟಿ ನಿಲ್ಲುವುದು, ಉಳಿದ ಐದು ಸುಮ್ಮನೆ ಕೂತಿರುವವು. ಈ ಹೊರೆ ಹಂಚುವುದೇ ಗುರುರಾಜರ ಪಿಎಚ್.ಡಿ. ವಿಷಯ. ಪ್ರತಿಯೊಬ್ಬನೂ ತನ್ನ ಲಾಭವನ್ನೇ ನೋಡಲಿ, ಜಾಗ ಬದಲಿಸಿದರೆ ಯಾರಿಗೂ ಲಾಭವಿಲ್ಲ ಎನ್ನುವಲ್ಲಿ ಈ ಹಂಚಿಕೆಯ ಆಟ ನಿಲ್ಲಬೇಕು ಎನ್ನುತ್ತಿದ್ದರು. ಅದನ್ನು ಅವಳಿಗೆ ತಿಳಿಸಿದ್ದು ಬಸ್ ನಿಲ್ದಾಣದಲ್ಲಿ. ಐದಕ್ಕೆ ಕಮಲಾಪುರದ ಮೊದಲ ಬಸ್ಸು, ಐದೂವರೆಗೆ ಎರಡನೆಯದು.

“ಎಲ್ಲಾರೂ ಮೊದಲನೇದಕ್ಕ ಮುಗಿಬೀಳ್ತಾರ. ನೀವೊಬ್ಬರ ಅದನ್ನ ಬಿಟ್ಟು ಎರಡನೇದರಾಗ ಆರಾಮ ಕೂತು ಹೋಗ್ತೀರಿ. ಜಾಣರದೀರಿ,” ಎಂದಿದ್ದರು.

ಅವರು ತೀರಿಕೊಳ್ಳುವ ಹಿಂದಿನ ದಿನ, ಶನಿವಾರ, ಹಬ್ಬದ ರಜೆ. ಲ್ಯಾಬಿನಲ್ಲಿ ಅವರಿಬ್ಬರೇ ಕೆಲಸ ಮಾಡಿದ್ದರು. ಮೊದಲ ಬಸ್ಸೇ ಖಾಲಿ ಬಂತು. ಅವಳು ಹತ್ತಲಿಲ್ಲ.

“ಮೇಡಂ, ಸೀಟೆಲ್ಲಾ ಖಾಲಿ ಅದಾವ. ಇದು ನನ್ನ ಲೆಕ್ಕಕ್ಕ ಹೊಂದಂಗಿಲ್ರಿ. ಯಾಕ ಬಿಟ್ರಿ?”

“ಲೆಕ್ಕಾನ ತಪ್ಪಿರಬೇಕು, ಸರ್. ಸೋಮವಾರ ಹೇಳ್ತೀನಿ,” ಎಂದು ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ಅವರು ಕನ್ನಡಕ ಒರೆಸಿದರು. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದರು.

ಹದಿಮೂರು ದಿನ ಕಳೆದ ಮೇಲೆ ಅವರ ತಾಯಿ ಮುಕ್ತಾಬಾಯಿ ಅವಳನ್ನು ಕರೆಸಿ ಒಂದು ನೋಟ್‌ಬುಕ್ ಕೈಗಿಟ್ಟರು. “ಇಂಗ್ಲಿಷ್ ನನಗ ತಿಳಿಯಂಗಿಲ್ಲವ್ವಾ. ಕೊನೀ ಹಾಳಿ ಕನ್ನಡದಾಗ ಬರದಾನ. ಅದು ನಿಂದ.”

ಆ ಶನಿವಾರದ ತಾರೀಖು ಹಾಕಿ ಗುರುರಾಜರು ಬರೆದಿದ್ದರು: “ಒಬ್ಬರು ಖಾಲಿ ಬಸ್ಸನ್ನೂ ಬಿಡುತ್ತಾರೆ. ಅವರಿಗೆ ಕಾಯುವುದೇ ಲಾಭವಿರಬೇಕು. ಇನ್ನೊಬ್ಬನ ಮನೆ ಶರಣಬಸವೇಶ್ವರ ಗುಡಿಯ ಹಿಂದೆ; ಅವನಿಗೆ ಯಾವ ಬಸ್ಸೂ ಬೇಕಿಲ್ಲ. ಆದರೂ ದಿನವೂ ನಿಲ್ದಾಣಕ್ಕೆ ಬರುತ್ತಾನೆ. ಇಬ್ಬರಿಗೂ ಜಾಗ ಬದಲಿಸುವ ಮನಸ್ಸಿಲ್ಲ.”

ಅಂದು ಸಂಜೆ ಮೊದಲ ಬಸ್ಸು ಹೋಯಿತು. ಅವಳು ಬೆಂಚಿನ ಮೇಲೆ, ಪಕ್ಕದಲ್ಲಿ ಒಬ್ಬರ ಜಾಗ ಬಿಟ್ಟು ಕುಳಿತಳು. ಗುಡಿಯ ದಿಕ್ಕಿಗೆ ಕೈ ಮುಗಿದಳು.

“ಶರಣಬಸಪ್ಪಾ, ನಾ ಹೇಳೂದು ಅವರಿಗೆ ಮೊದಲ ತಿಳಿದಿತ್ತು. ಅವರ ಹೊರಿ ಇಳಿಸು. ನನ್ನ ಪಾಲಿಂದು ನಾ ಹೊರ್ತೀನಿ. ಅವರ ಜೀವಕ್ಕ ಶಾಂತಿ ಕೊಡು, ನಮ್ಮಪ್ಪಾ.”